ಆಫೀಸಿನ ಫುಡ್ ಡ್ರೈವ್ ಡಬ್ಬಿಗೆ ಏನು ಹಾಕೋದು? ಮೊದಲು ಹೋಗಿ ಕೇಳಿ ಬನ್ನಿ

ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಗೆಳೆಯನೊಬ್ಬ ಫೋನ್ ಮಾಡಿದ. ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಸಾಫ್ಟ್‌ವೇರ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದೆ, ಅವನು ಅಲ್ಲೇ ಉಳಿದ, ಈಗ ಮ್ಯಾನೇಜರ್. "ಮಗಾ, ನಮ್ಮಾಫೀಸಲ್ಲಿ ಫುಡ್ ಡ್ರೈವ್ ಇದೆ, ನನ್ನ ತಲೆಗೆ ಕಟ್ಟಿದ್ದಾರೆ. ಜನ ಏನೇನು ತಂದು ಹಾಕಬಹುದು ಅಂತ ಒಂದು ಲಿಸ್ಟ್ ಕಳಿಸು. ಬೆಳಗ್ಗೆ ಎಲ್ಲರಿಗೂ ಮೇಲ್ ಹೋಗಬೇಕು" ಅಂದ.

ಲಿಸ್ಟ್ ಬರೆಯೋದು ಐದು ನಿಮಿಷದ ಕೆಲಸ. ನಾನು ಬರೆಯಲಿಲ್ಲ. "ಡಬ್ಬಿ ಯಾರಿಗೆ ಹೋಗುತ್ತೆ?" ಅಂತ ಕೇಳಿದೆ. "ಅದಿನ್ನೂ ಫೈನಲ್ ಆಗಿಲ್ಲ. ಯಾವುದೋ ಎನ್‌ಜಿಓ ಹುಡುಕ್ತಾರೆ" ಅಂದ. ಅಲ್ಲಿಗೆ ಕಥೆ ಎಲ್ಲಿ ಕೆಡುತ್ತೆ ಅಂತ ನನಗೆ ಗೊತ್ತಾಯಿತು. ಯಾಕಂದ್ರೆ 2017ರ ಅಕ್ಟೋಬರ್‌ನಲ್ಲಿ ಇದೇ ಕಥೆಯ ಒಳಗೆ ನಾನೂ ಇದ್ದೆ.

ಆಗ ನಾನು ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರಲ್ಲಿ ಕೋಡ್ ಬರೆಯುತ್ತಿದ್ದೆ. ಅಕ್ಟೋಬರ್ ಬಂತೆಂದರೆ ಕಂಪನಿಗಳಿಗೆ ದಾನದ ಸೀಸನ್. 2009ರಲ್ಲಿ 'ಜಾಯ್ ಆಫ್ ಗಿವಿಂಗ್ ವೀಕ್' ಅಂತ ಶುರುವಾಗಿ ಈಗ 'ದಾನ್ ಉತ್ಸವ್' ಆಗಿರುವ ಕಾರ್ಯಕ್ರಮ ಗಾಂಧಿ ಜಯಂತಿಯಿಂದ 8ನೇ ತಾರೀಖಿನವರೆಗೆ ನಡೆಯುತ್ತೆ. ನಮ್ಮಲ್ಲಿ ಪ್ರತಿ ಫ್ಲೋರಿನ ಲಿಫ್ಟ್ ಪಕ್ಕ ಒಂದೊಂದು ದೊಡ್ಡ ರಟ್ಟಿನ ಡಬ್ಬಿ ಇಟ್ಟರು. ಯಾವ ಟೀಮಿನ ಡಬ್ಬಿ ಮೊದಲು ತುಂಬುತ್ತೆ ಅಂತ ಪೈಪೋಟಿ ಬೇರೆ. ಗೆದ್ದವರಿಗೆ ಪಿಜ್ಜಾ ಪಾರ್ಟಿ. ಹಸಿದವರಿಗೆ ಅನ್ನ ಕೂಡಿಸಿದ್ದಕ್ಕೆ ನಮಗೆ ಪಿಜ್ಜಾ! ಆಗ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನನಗೂ.

ಡಬ್ಬಿ ತುಂಬಿದಾಗ ಒಳಗೆ ಏನಿತ್ತು ಗೊತ್ತಾ? ಓಟ್ಸ್, ಮ್ಯೂಸ್ಲಿ, ಗ್ರೀನ್ ಟೀ, ಪಾಸ್ತಾ, ರಾಶಿಗಟ್ಟಲೆ ಇನ್‌ಸ್ಟಂಟ್ ನೂಡಲ್ಸ್, ಆಯುಧಪೂಜೆಗೆ ಹಂಚಿದ ಸೋನ್ ಪಾಪಡಿ, ತಗಡಿನ ಡಬ್ಬದ ಸ್ವೀಟ್ ಕಾರ್ನ್, ಬೇಕ್ಡ್ ಬೀನ್ಸ್. ಡಯೆಟ್ ಶುರು ಮಾಡಿ ಅರ್ಧಕ್ಕೆ ಬಿಟ್ಟವರ ಅಡುಗೆಮನೆ ಇತಿಹಾಸವೇ ಅಲ್ಲಿತ್ತು. ಅಕ್ಕಿ, ಬೇಳೆ ಇರಲಿಲ್ಲ ಅಂತಲ್ಲ, ಇತ್ತು. ಒಟ್ಟು ಸೇರಿಸಿದರೆ ಒಂದು ಡಬ್ಬಿಯೂ ತುಂಬುತ್ತಿರಲಿಲ್ಲ.

ತಗಡಿನ ಡಬ್ಬಗಳು ಯಾಕೆ ಬಂದವು ಅನ್ನೋದು ತಮಾಷೆಯ ವಿಷಯ. ಮೇಲ್‌ನ ಮಾದರಿ ಅಮೆರಿಕದ ಹೆಡ್ಡಾಫೀಸಿನಿಂದ ಬಂದಿತ್ತು, ಅದರಲ್ಲಿ 'ಕ್ಯಾನ್ಡ್ ಫುಡ್' ತನ್ನಿ ಅಂತ ಬರೆದಿತ್ತು. ಅಲ್ಲಿ ಅದಕ್ಕೆ ಅರ್ಥ ಇದೆ. 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬಾತ ಅರಿಜೋನಾದ ಫೀನಿಕ್ಸ್‌ನಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರು ಮಾಡಿದ. ಇವತ್ತಿನ ಫುಡ್ ಬ್ಯಾಂಕುಗಳ ಮೂಲ ಅದೇ. ಬಂದದ್ದನ್ನು ಇಟ್ಟುಕೊಳ್ಳಲು ಗೋದಾಮು, ವಿಂಗಡಿಸಲು ಜನ ಅಲ್ಲಿದ್ದಾರೆ. ಡಬ್ಬದ ಬೀನ್ಸ್ ಅಲ್ಲಿ ದಿನನಿತ್ಯದ ಊಟ. ನಮ್ಮಲ್ಲಿ ಅದನ್ನು ತೆರೆಯುವ ಓಪನರ್ ಕೂಡ ಇಲ್ಲದ ಮನೆಗಳಿಗೆ ನಾವು ಅದನ್ನು ಹೊತ್ತುಕೊಂಡು ಹೋದೆವು.

ಹೋದದ್ದು ಮಹದೇವಪುರದ ಕಡೆ, ಅಪಾರ್ಟ್‌ಮೆಂಟೊಂದು ಏಳುತ್ತಿದ್ದ ಜಾಗದ ಪಕ್ಕದಲ್ಲಿದ್ದ ನೀಲಿ ಟಾರ್ಪಾಲಿನ ಶೆಡ್ಡುಗಳಿಗೆ. ಇದ್ದವರಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ನನ್ನ ಕೈಯಿಂದ ಪ್ಯಾಕೆಟ್ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನ್ರಿ ಅಣ್ಣಾರ? ಹೆಂಗ ಮಾಡ್ಬೇಕ್ರಿ ಇದನ್ನ?"

"ಓಟ್ಸ್ ಅಕ್ಕಾ. ಹಾಲಲ್ಲಿ ಬೇಯಿಸಿ ತಿನ್ನೋದು."

"ಹಾಲು ಎಲ್ಲಿಂದ ತರೂದ್ರಿ?" ಅಂತ ನಕ್ಕರು. ಬೈಯಲಿಲ್ಲ, ನಿಜಕ್ಕೂ ನಗು ಬಂದಿತ್ತು ಅವರಿಗೆ. ಏನು ತಂದಿದ್ದರೆ ಚೆನ್ನಾಗಿರ್ತಿತ್ತು ಅಂತ ಕೇಳಿದೆ. ಆ ಪ್ರಶ್ನೆಯನ್ನು ಎರಡು ವಾರ ಮೊದಲೇ ಕೇಳಬೇಕಿತ್ತು.

"ಜ್ವಾಳದ ಹಿಟ್ಟು ಇದ್ರ ಕೊಡ್ರಿ. ಬ್ಯಾಳಿ ಇದ್ರ ಕೊಡ್ರಿ. ಅಕ್ಕಿ ಊರಾಗ ನಮ್ಮತ್ತಿ ತೊಗೊಂಡು ಇಟ್ಟಿರ್ತಾಳ, ಹೋದಾಗ ಒಂದೀಟು ತರ್ತೀವಿ. ಇಲ್ಲಿ ಎಣ್ಣಿ, ಬ್ಯಾಳಿ, ಗ್ಯಾಸಿಗೇ ಪಗಾರ ಹೋಗ್ತದ್ರಿ."

ಆಮೇಲೆ ವರದಿಗಾರನಾಗಿ ರೇಷನ್ ವ್ಯವಸ್ಥೆ ಬಗ್ಗೆ ಎಷ್ಟೋ ಓದಿದ್ದೇನೆ, ಬರೆದಿದ್ದೇನೆ. ಆ ಅಕ್ಕ ಎರಡು ಉಸಿರಿನಲ್ಲಿ ಹೇಳಿದ್ದಕ್ಕೆ ನಾನು ಸೇರಿಸಿದ್ದು ಅಂಕಿ-ಅಂಶ ಮಾತ್ರ. ಆ ಅಂಕಿಗಳನ್ನೇ ಈಗ ನೋಡೋಣ. ಡಬ್ಬಿಗೆ ಏನು ಹಾಕಬೇಕು ಅನ್ನೋದಕ್ಕೆ ಉತ್ತರ ಅಲ್ಲಿಂದಲೇ ಹೊರಡುತ್ತೆ.

ಸರ್ಕಾರ ಕೊಡೋದು ಏನು, ಕೊಡದೆ ಉಳಿಯೋದು ಏನು?

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕೆಜಿ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಕರ್ನಾಟಕದಲ್ಲಿ ಇದರ ಮೇಲೆ ಅನ್ನಭಾಗ್ಯ ಇದೆ. 2023ರಲ್ಲಿ ತಲೆಗೆ 10 ಕೆಜಿ ಅಂತ ಗ್ಯಾರಂಟಿ ಕೊಟ್ಟಾಗ ಕೇಂದ್ರದಿಂದ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ಆ ವರ್ಷದ ಜುಲೈನಿಂದ 5 ಕೆಜಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು.

ಈಗ ಒಂದು ಲೆಕ್ಕ. ಇಂಜಿನಿಯರ್ ಬುದ್ಧಿ, ಬಿಡೋಕಾಗಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2000 ಕ್ಯಾಲೊರಿಯ ಒಂದು ಮಾದರಿ ತಟ್ಟೆ ಕೊಟ್ಟಿದೆ. ಅದರಲ್ಲಿ ಧಾನ್ಯ ಸುಮಾರು 250 ಗ್ರಾಂ. ಬೇಳೆಕಾಳು ಅಥವಾ ಮೊಟ್ಟೆ-ಮಾಂಸ ಸೇರಿ 85 ಗ್ರಾಂ, ಎಣ್ಣೆ 27 ಗ್ರಾಂ. ನಾಲ್ಕು ಜನರ ಮನೆಗೆ ಮೂವತ್ತು ದಿನಕ್ಕೆ ಗುಣಿಸಿ. ಧಾನ್ಯ 30 ಕೆಜಿ, ಬೇಳೆಕಾಳು 10 ಕೆಜಿಗಿಂತ ಸ್ವಲ್ಪ ಹೆಚ್ಚು, ಎಣ್ಣೆ 3 ಕೆಜಿಗಿಂತ ಹೆಚ್ಚು. ಇಡೀ ದಿನ ಇಟ್ಟಿಗೆ ಹೊರುವವರಿಗೆ 2000 ಕ್ಯಾಲೊರಿ ಸಾಲದು, ಅದು ಬೇರೆ ಮಾತು. ತಲೆಗೆ 10 ಕೆಜಿಯಂತೆ ಸಿಕ್ಕರೆ ನಾಲ್ಕು ಜನಕ್ಕೆ 40 ಕೆಜಿ ಅಕ್ಕಿ ಆಯಿತು. ಬೇಳೆ ಮತ್ತು ಎಣ್ಣೆಯ ಖಾನೆಯಲ್ಲಿ ಸೊನ್ನೆ.

ಸರ್ಕಾರಕ್ಕೂ ಇದು ಗೊತ್ತಾಗಿದೆ. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡುವ ತೀರ್ಮಾನಕ್ಕೆ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ ರಾಜಕೀಯ ಏನೇ ಇರಲಿ, ಅಕ್ಕಿ ತುಂಬಿದ ಮನೆಯಲ್ಲೂ ತಟ್ಟೆ ಖಾಲಿ ಇರಬಹುದು ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತು. ಆಫೀಸಿನ ಡಬ್ಬಿಗಳು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಕಿಟ್ ಅಂದರೆ 5 ಕೆಜಿ ಅಕ್ಕಿ, 1 ಕೆಜಿ ಬೇಳೆ, ಒಂದು ಬಿಸ್ಕೆಟ್ ಪೊಟ್ಟಣ.

ಹಾಗಂತ ಎಲ್ಲರ ಮನೆಯಲ್ಲೂ ಅಕ್ಕಿ ಇದೆ ಅಂತ ತೀರ್ಮಾನಿಸಿದರೆ ಅದೂ ತಪ್ಪೇ. ಆ ಅಕ್ಕನ ಕಾರ್ಡು ಊರಲ್ಲಿ, ಸಂಸಾರ ಬೆಂಗಳೂರಲ್ಲಿ. ಈಗ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ರೇಷನ್ ತಗೊಳ್ಳೋ ವ್ಯವಸ್ಥೆ ಇದೆ. ಕುಟುಂಬ ಎರಡು ಕಡೆ ಹಂಚಿಹೋಗಿದ್ದರೆ ಪಾಲು ಮಾಡಿಯೂ ತಗೋಬಹುದು. ಆದರೆ ಬಿಹಾರ, ಒಡಿಶಾ, ಬಂಗಾಳದಿಂದ ಬಂದವರಿಗೆ ಇಲ್ಲಿ ಕೇಂದ್ರದ ಪಾಲು ಮಾತ್ರ ಸಿಗುತ್ತೆ. ಕರ್ನಾಟಕದ ಹೆಚ್ಚುವರಿ ಕರ್ನಾಟಕದ ಕಾರ್ಡಿಗೇ. ಇನ್ನು ಕಾರ್ಡೇ ಇಲ್ಲದವರು. ಕಾಯ್ದೆಯ ಸುಮಾರು 81 ಕೋಟಿ ಜನರ ಮಿತಿ ನಿಂತಿರೋದು 2011ರ ಜನಗಣತಿ ಮೇಲೆ. ಆಮೇಲೆ ಹುಟ್ಟಿದವರು, ಮದುವೆಯಾಗಿ ಬೇರೆ ಮನೆ ಹೂಡಿದವರು ಸಾಲಿನ ಹೊರಗೇ ನಿಂತಿರಬಹುದು. ಇ-ಶ್ರಮ್‌ನಲ್ಲಿ ಹೆಸರಿದ್ದೂ ರೇಷನ್ ಕಾರ್ಡ್ ಇಲ್ಲದ ಸುಮಾರು 8 ಕೋಟಿ ಕಾರ್ಮಿಕರಿಗೆ ಕಾರ್ಡ್ ಕೊಡಿ ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಗಡುವು ಹಾಕಬೇಕಾಯಿತು.

ಅಂದರೆ ಎದುರಿಗಿರುವ ಕುಟುಂಬ ಈ ಮೂರರಲ್ಲಿ ಯಾವುದು ಅಂತ ಗೊತ್ತಿಲ್ಲದೆ ಲಿಸ್ಟ್ ಬರೆಯೋಕೆ ಬರಲ್ಲ. ಒಬ್ಬರಿಗೆ ಅಕ್ಕಿ ಹೊರೆ, ಇನ್ನೊಬ್ಬರಿಗೆ ಅಕ್ಕಿಯೇ ಜೀವ.

ಒಂದು ಮಧ್ಯಾಹ್ನ ಹೋಗಿ ಬರೋದು

ಹಾಗಾದರೆ ಮಾಡೋದೇನು? ಡಬ್ಬಿ ಇಡುವ ಮೊದಲು ಇಬ್ಬರು ಹೋಗಿ ಕೇಳಿ ಬರಬೇಕು. ಇಷ್ಟೇ. ಇದಕ್ಕೆ ಆ್ಯಪ್ ಬೇಡ, ಸರ್ವೇ ಬೇಡ. ಮೂರು ವಿಷಯ ತಿಳಿದರೆ ಸಾಕು: ಏನು ಉಣ್ಣುತ್ತೀರಿ, ರೇಷನ್ ಬರುತ್ತಾ, ಯಾವುದರ ಮೇಲೆ ಅಡುಗೆ ಮಾಡ್ತೀರಿ. ಮೂರನೇದನ್ನು ಎಲ್ಲರೂ ಮರೆಯುತ್ತಾರೆ. ಚಿಕ್ಕ ಸಿಲಿಂಡರಿಗೆ ಕೆಜಿ ಲೆಕ್ಕದಲ್ಲಿ ಗ್ಯಾಸ್ ತುಂಬಿಸಿಕೊಳ್ಳುವ ಮನೆಗೆ ಕಡಲೆಕಾಳು, ರಾಜ್ಮಾ ಕೊಟ್ಟರೆ ಅದನ್ನು ಬೇಯಿಸೋ ಗ್ಯಾಸಿನ ದುಡ್ಡು ಅವರ ತಲೆಮೇಲೆ. ಕುಕ್ಕರ್ ಇಲ್ಲದಿದ್ದರಂತೂ ಕೇಳೋದೇ ಬೇಡ. ಅಂಥ ಕಡೆ ಹೆಸರುಬೇಳೆ ವಾಸಿ. ಅವಲಕ್ಕಿ, ಹುರಿಗಡಲೆ, ಶೇಂಗಾ, ಬೆಲ್ಲ ಇನ್ನೂ ವಾಸಿ. ಒಲೆ ಹಚ್ಚದೆ ತಿನ್ನಬಹುದು, ಕೆಲಸದ ಜಾಗಕ್ಕೂ ಕಟ್ಟಿಕೊಂಡು ಹೋಗಬಹುದು.

ನನ್ನ ಅನುಭವದಲ್ಲಿ ಜನ ಕೇಳೋದು ಸಾಮಾನ್ಯವಾಗಿ ಬಹಳ ಬೇಸರದ ವಸ್ತುಗಳು. ಎಣ್ಣೆ, ಬೇಳೆ, ಉಪ್ಪು, ಖಾರದ ಪುಡಿ, ಚಹಾಪುಡಿ, ಸಕ್ಕರೆ, ಸೋಪು, ಹೆಣ್ಣುಮಕ್ಕಳಿಗೆ ಪ್ಯಾಡು. ಫೋಟೋದಲ್ಲಿ ಚೆನ್ನಾಗಿ ಕಾಣೋ ಒಂದೂ ಇಲ್ಲ. ಎಣ್ಣೆಯನ್ನಂತೂ ಡಬ್ಬಿಗೆ ಹಾಕೋರೇ ಕಮ್ಮಿ. ಸೋರುತ್ತೆ, ಭಾರ, ದುಬಾರಿ.

ನೂರು ಜನ ನೂರು ಬಗೆಯ ಪ್ಯಾಕೆಟ್ ತಂದರೆ ಇನ್ನೊಂದು ತಾಪತ್ರಯ ಇದೆ. ಒಬ್ಬರ ಕಿಟ್ಟಿನಲ್ಲಿ 1 ಕೆಜಿ ಬೇಳೆ, ಪಕ್ಕದ ಶೆಡ್ಡಿನವರದರಲ್ಲಿ ಪಾಸ್ತಾ. ನಾವು ಗಾಡಿ ಹತ್ತಿ ಹೋದಮೇಲೆ ಅಲ್ಲಿ ಶುರುವಾಗುವ ಜಗಳಕ್ಕೆ ನಾವೇ ಹೊಣೆ. ಅದಕ್ಕೇ ದುಡ್ಡು ಒಟ್ಟುಗೂಡಿಸಿ ಒಂದೇ ಕಡೆ ಸಗಟಿನಲ್ಲಿ ಕೊಳ್ಳೋದು ಒಳ್ಳೇದು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಬೇಳೆಯನ್ನು ಮೂಟೆ ಲೆಕ್ಕದಲ್ಲಿ ತಗೊಂಡರೆ ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ಟಿಗೆ ಕೊಡುವ ಅದೇ ದುಡ್ಡಿಗೆ ಹೆಚ್ಚು ಬರುತ್ತೆ, ಎಲ್ಲರಿಗೂ ಒಂದೇ ತರಹದ್ದು ಸಿಗುತ್ತೆ. ಇನ್ನೂ ಸರಳ ದಾರಿ, ಶೆಡ್ಡಿನ ಪಕ್ಕದ ಕಿರಾಣಿ ಅಂಗಡಿಯಲ್ಲಿ ಮನೆಗೆ ಇಷ್ಟು ಅಂತ ದುಡ್ಡು ಕಟ್ಟಿ ಬರೋದು. ಬೇಕಾದ್ದನ್ನು ಅವರೇ ತಗೋತಾರೆ. "ದುಡ್ಡು ಕೊಟ್ಟರೆ ಕುಡೀತಾರೆ" ಅನ್ನೋರು ಇದ್ದೇ ಇರ್ತಾರೆ. ಶುಕ್ರವಾರ ಸಂಜೆ ಟೀಮ್ ಔಟಿಂಗ್‌ನಲ್ಲಿ ನಾವೇನು ಎಳನೀರು ಕುಡಿತಿದ್ವಾ? ತಿಂಗಳ ಕೊನೆಯ ಸಂಸಾರವನ್ನು ದೂಗಿಸುವ ಲೆಕ್ಕಾಚಾರ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೇಳದೇ ಕೊಡುವವರು ಬೇರೆಯವರ ತಟ್ಟೆಗೆ ತಮ್ಮ ನಿಯಮ ಹಾಕುವುದೂ ಉಂಟು. ಎಷ್ಟೋ ಡ್ರೈವ್‌ಗಳಲ್ಲಿ 'ಓನ್ಲಿ ವೆಜ್' ಅಂತ ಚೀಟಿ ಅಂಟಿಸಿರ್ತಾರೆ, ಮೊಟ್ಟೆಗೂ ಒಣಮೀನಿಗೂ ಜಾಗ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡುವಾಗ ನಡೆದ ಜಗಳ ನೆನಪಿರಬಹುದು. 2021ರಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಮೊಟ್ಟೆ ತಿಂದರು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯಲ್ಲಿ ವಾರಕ್ಕೆ ಆರು ದಿನವೂ ಮೊಟ್ಟೆ ಸಿಗುವ ಹಾಗೆ ಮಾಡಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅಷ್ಟು ದುಡ್ಡು ನಮ್ಮ ಫ್ಲೋರಿನ ಡಬ್ಬಿಯಲ್ಲಿಲ್ಲ, ನಿಜ. ಏನು ಕಮ್ಮಿ ಇದೆ ಅಂತ ನೋಡಿ ಅದನ್ನೇ ಕೊಡೋಕೆ ಕೋಟಿ ಬೇಕಾಗಿಲ್ಲ.

ನಮ್ಮಜ್ಜಿ ಮನೆಯಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಮೊದಲು ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಮುಷ್ಟಿ ಅಕ್ಕಿ. ತಿಂಗಳಿಗೊಮ್ಮೆ ಮಠದ ಹಾಸ್ಟೆಲಿನವರು ಬಂದು ಒಯ್ಯುತ್ತಿದ್ದರು. ಹಳೆಯ ಕಾಲ ಎಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ. ಯಾರಿಗೆ ಯಾವ ಪಂಕ್ತಿಯಲ್ಲಿ ಬಡಿಸುತ್ತಿದ್ದರು ಅನ್ನೋದೂ ನೆನಪಿದೆ. ಆದರೆ ಆ ಗಡಿಗೆಗೆ ಬೀಳುತ್ತಿದ್ದದ್ದು ಮನೆಯವರು ಅವತ್ತು ಉಣ್ಣುವ ಅಕ್ಕಿ. ಹುಳ ಬಿದ್ದದ್ದನ್ನು, ತಮಗೆ ಬೇಡವಾದದ್ದನ್ನು ಅದಕ್ಕೆ ಹಾಕುವುದು ಅಜ್ಜಿಗೆ ಊಹೆಗೂ ನಿಲುಕದ ಮಾತು.

ತಾರೀಖು, ಲೇಬಲ್, ಸೆಲ್ಫಿ

ನಮ್ಮ ಡಬ್ಬಿಯಲ್ಲಿ ಹುಳ ಇರಲಿಲ್ಲ. ತಾರೀಖು ಮುಗಿಯೋಕೆ ಬಂದದ್ದು ಬೇಕಾದಷ್ಟಿತ್ತು. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಪ್ಯಾಕೆಟ್ ಮೇಲೆ 'ಬೆಸ್ಟ್ ಬಿಫೋರ್' ಅಂತ ಇದ್ದರೆ ಅದು ರುಚಿ, ಗುಣಮಟ್ಟದ ತಾರೀಖು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂತ ಇದ್ದರೆ ಅದು ಸುರಕ್ಷತೆಯದು, ದಾಟಿದ ಮೇಲೆ ತಿನ್ನೋ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಒಂದು ಸೂಚನೆ ಕೊಟ್ಟಿತು: ಗ್ರಾಹಕರ ಕೈಗೆ ತಲುಪುವಾಗ ಆಹಾರದ ಬಾಳಿಕೆಯಲ್ಲಿ ಕನಿಷ್ಠ ಶೇ 30 ಉಳಿದಿರಬೇಕು, ಇಲ್ಲವೇ ಎಕ್ಸ್‌ಪೈರಿಗೆ 45 ದಿನವಾದರೂ ಇರಬೇಕು. ಹತ್ತು ನಿಮಿಷದಲ್ಲಿ ದಿನಸಿ ತರುವ ಆ್ಯಪಿನಿಂದ ನಾವು ಇದನ್ನು ನಿರೀಕ್ಷಿಸುತ್ತೇವೆ, ಹಳೆಯದು ಬಂದರೆ ರೀಫಂಡ್ ಕೇಳುತ್ತೇವೆ. ದಾನದ ಡಬ್ಬಿಗೂ ಅದೇ 45 ದಿನ ಇರಲಿ. ಡಬ್ಬಿಯಿಂದ ವಿಂಗಡಣೆ, ಅಲ್ಲಿಂದ ಎನ್‌ಜಿಓ ಗೋದಾಮು, ಅಲ್ಲಿಂದ ಮನೆ, ಇದೆಲ್ಲ ಎರಡು ಮೂರು ವಾರ ತಿನ್ನುತ್ತೆ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಆ ಅಕ್ಕ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿದರಲ್ಲ, ಅವರಿಗೆ ಕನ್ನಡ ಓದಲು ಬರುತ್ತಿತ್ತೋ ಏನೋ. ಪ್ಯಾಕೆಟ್ ಮೇಲೆ ಕನ್ನಡ ಇರಲಿಲ್ಲ. ನಮ್ಮ ಲೇಬಲ್ ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ. ಹಾಗಾಗಿ ಕರ್ನಾಟಕದಲ್ಲಿ ಕನ್ನಡ ಓದಬಲ್ಲ ತಾಯಿಯೊಬ್ಬರಿಗೆ ತನ್ನ ಮಗು ತಿನ್ನುವುದರ ತಾರೀಖು ಓದಲು ಆಗದೇ ಹೋಗಬಹುದು. ಇದರ ಮೇಲೆ ಇನ್ನೊಂದು ಲೇಖನ ಬರೆಯಬೇಕು. ಸದ್ಯಕ್ಕೆ ಆಫೀಸಿನವರು ಮಾಡಬಹುದಾದದ್ದು, ಕಿಟ್ಟಿನ ಮೇಲೆ ಒಂದು ಕನ್ನಡದ ಚೀಟಿ. ಏನೇನಿದೆ, ಯಾವಾಗಿನ ಒಳಗೆ ತಿನ್ನಬೇಕು. ಇರುವವರು ಬೇರೆ ಭಾಷೆಯವರಾದರೆ ಅವರ ಭಾಷೆಯಲ್ಲಿ.

ಕ್ಯಾಂಟೀನಿನಲ್ಲಿ ಉಳಿದ ಅನ್ನ-ಸಾಂಬಾರನ್ನು ಸಂಜೆ ಕಟ್ಟಿ ಕಳಿಸೋಣ ಅನ್ನುವ ಉತ್ಸಾಹಿಗಳಿಗೆ ಒಂದು ಮಾತು. ಉಳಿದ ಆಹಾರ ಹಂಚುವುದಕ್ಕೆ 2019ರಿಂದ ಪ್ರತ್ಯೇಕ ನಿಯಮಾವಳಿಯೇ ಇದೆ. ನೋಂದಣಿ ಇರುವ ಸಂಸ್ಥೆಯ ಮೂಲಕ ಕಳಿಸಿ, ನಿಮ್ಮ ಕಾರಿನ ಡಿಕ್ಕಿಯಲ್ಲಿ ಬೇಡ.

ಆಮೇಲೆ ಫೋಟೋ. ನಾವು ಆ ದಿನ ಐವತ್ತಕ್ಕೂ ಹೆಚ್ಚು ಫೋಟೋ ತೆಗೆದೆವು. ಕಂಪನಿ ಟೀಶರ್ಟು, ನಡುವೆ ಕಿಟ್ ಹಿಡಿದ ಹೆಣ್ಣುಮಗಳು, ಸುತ್ತ ನಗುವ ನಾವು. ಅವರು ಕ್ಯಾಮೆರಾ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಅನಾಥಾಶ್ರಮಕ್ಕೆ ಹೋಗುವ ಟೀಮುಗಳು ಇನ್ನೂ ಹುಷಾರಾಗಿರಬೇಕು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವ ಹೆಸರು, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲಿಂಕ್ಡ್‌ಇನ್‌ನಲ್ಲಿ ಹಾಕಿದ ಸೆಲ್ಫಿ 'ನಾನು ಒಳ್ಳೇ ಮನಸ್ಸಿನಿಂದ ಹಾಕಿದ್ದು' ಅಂದರೆ ಕಾನೂನು ಕೇಳಲ್ಲ.

ಕಂಪನಿಯ ವಾರ್ಷಿಕ ವರದಿಯಲ್ಲಿ ಇದೇ ಫೋಟೋಗಳು ಬಂದರೆ ಒಂದು ಪ್ರಶ್ನೆ ಕೇಳಿ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅನ್ವಯಿಸುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2 ಖರ್ಚು ಮಾಡಬೇಕು. ಯಾವುದಕ್ಕೆ ಅನ್ನುವ ಪಟ್ಟಿಯ ಮೊದಲ ಸಾಲಿನಲ್ಲೇ ಹಸಿವು, ಬಡತನ, ಅಪೌಷ್ಟಿಕತೆ ಇದೆ. ನೌಕರರು ಜೇಬಿನಿಂದ ತಂದು ಹಾಕಿದ ಬೇಳೆ ಆ ಲೆಕ್ಕಕ್ಕೆ ಸೇರಲ್ಲ. ಕಂಪನಿಯ ಪಾಲು ಎಷ್ಟು? ಲಾರಿ ಬಾಡಿಗೆಯಾದರೂ ಅವರದಾ? ಇಲ್ಲದಿದ್ದರೆ ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಡಬ್ಬಿ ಹೊತ್ತವರು

ಇಷ್ಟು ಹೊತ್ತು ಶೆಡ್ಡಿನ ಕಥೆ ಹೇಳಿದೆ. ಅದರ ಹಿಂದಿನ ಸಂಜೆಯದನ್ನು ಹೇಳದೆ ಬಿಡೋಕಾಗಲ್ಲ. ಇದನ್ನು ನಾನು ಇದುವರೆಗೆ ಬರೆದಿಲ್ಲ.

ಶುಕ್ರವಾರ, ತಿಂಗಳ 13ನೇ ತಾರೀಖು. ಡಬ್ಬಿಗಳನ್ನು ಕೆಳಗಿಳಿಸಿ ಕಿಟ್ ಕಟ್ಟಬೇಕಿತ್ತು. ನಾವು ಟೇಪು ಅಂಟಿಸುತ್ತಿದ್ದೆವು, ಭಾರದ ಡಬ್ಬಿ ಹೊತ್ತು ತರುತ್ತಿದ್ದದ್ದು ಹೌಸ್‌ಕೀಪಿಂಗ್‌ನವರು. ನಮ್ಮ ಫ್ಲೋರಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ, ದಿನಾ ನನ್ನ ಕಾಫಿ ಕಪ್ಪು ತೆಗೆಯುತ್ತಿದ್ದವರು, ಯಾರೂ ಇಲ್ಲದ್ದು ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಸಾರ್, ಆ ತೊಗರಿಬೇಳೆ ಪ್ಯಾಕೆಟ್ ಒಂದು ನಾನು ತಗೋಬಹುದಾ? ಸುಮ್ನೆ ಬೇಡ, ಸಂಬಳ ಆದ ತಕ್ಷಣ ದುಡ್ಡು ಕೊಡ್ತೀನಿ. ಈ ತಿಂಗಳು ಇನ್ನೂ ಆಗಿಲ್ಲ."

ನಾನು ಒಂದು ಪ್ಯಾಕೆಟ್ ಎತ್ತಿ ಕೊಡಬಹುದಿತ್ತು. ನನ್ನ ಜೇಬಿನಿಂದ ದುಡ್ಡು ಕೊಡಬಹುದಿತ್ತು. "ಕೇಳಿ ಹೇಳ್ತೀನಿ ಅಕ್ಕಾ" ಅಂದೆ. ಅಡ್ಮಿನ್‌ನವರನ್ನು ಕೇಳಿದೆ. ಎನ್‌ಜಿಓ ಗುರುತಿಸಿದವರಿಗೆ ಮಾತ್ರ ಕೊಡಬೇಕು, ಇಲ್ಲಿ ಕೊಟ್ಟರೆ ಆಡಿಟ್ ತೊಂದರೆ ಅಂದರು. ವಾಪಸ್ ಬಂದು ಅಕ್ಕನಿಗೆ 'ಆಗಲ್ಲವಂತೆ' ಅಂದೆ. "ಪರವಾಗಿಲ್ಲ ಸಾರ್" ಅಂದು ಮುಂದಿನ ಡಬ್ಬಿ ಎತ್ತಿಕೊಂಡರು. ಮಾರನೇ ದಿನ ನಾನು ಇಪ್ಪತ್ತು ಕಿಲೋಮೀಟರ್ ಹೋಗಿ ಓಟ್ಸ್ ಹಂಚಿದೆ.

ಆ ಅಕ್ಕನಿಗೆ ಬೇಕಿದ್ದದ್ದು ದಾನ ಅಲ್ಲವೇ ಅಲ್ಲ. ಅವರದೇ ಸಂಬಳ. ಆಗಿನ ಕಾನೂನಿನ ಪ್ರಕಾರ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ 7ನೇ ತಾರೀಖಿನೊಳಗೆ, ಹೆಚ್ಚಿದ್ದರೆ 10ರೊಳಗೆ ಸಂಬಳ ಆಗಬೇಕಿತ್ತು. ಹೇಗೆ ನೋಡಿದರೂ 13 ತಡವೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು, ಆಫೀಸಿನಲ್ಲಿ ಕೂತವರಿಗೆ ಸಾಮಾನ್ಯವಾಗಿ ಗೊತ್ತಿರಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಮುಖ್ಯ ಮಾಲೀಕನದು, ಅಂದರೆ ಆ ಕಟ್ಟಡದ ಕಂಪನಿಯದು. ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಈ ಹೊಣೆ ಉಳಿದಿದೆ. ಅಂದರೆ ಪಿಜ್ಜಾ ಪಾರ್ಟಿಗೆ ಬಜೆಟ್ ಇಟ್ಟಿದ್ದ ಕಂಪನಿಗೆ, ಅದೇ ಫ್ಲೋರಿನ ಬೇಳೆಯ ಸಮಸ್ಯೆ ಬಗೆಹರಿಸೋಕೆ ಡಬ್ಬಿಯೇ ಬೇಕಿರಲಿಲ್ಲ. ಗುತ್ತಿಗೆದಾರನಿಗೆ ಒಂದು ಮೇಲ್ ಸಾಕಿತ್ತು. ಆ ಮೇಲ್ ಕಳಿಸಿ ಅಂತ ಕೇಳೋಕೆ ಸಂಬಳ, ಗುರುತಿನ ಚೀಟಿ, ದನಿ ಎಲ್ಲ ಇದ್ದವನು ನಾನು. ಕೇಳಲಿಲ್ಲ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮ ಫ್ಲೋರಿನವರನ್ನ ಕೇಳೋಣ ಅಂದ್ರೆ ಮುಜುಗರ ಆಗುತ್ತೆ ಮಗಾ. ನಿಮಗೆ ಊಟಕ್ಕಿದೆಯಾ ಅಂತ ಹೇಗೆ ಕೇಳೋದು?" ಅಂದ. ಹಾಗೆ ಕೇಳಬೇಡ ಅಂದೆ. ಸಂಬಳ ಯಾವ ತಾರೀಖಿಗೆ ಆಗುತ್ತೆ, ಪಿಎಫ್, ಇಎಸ್‌ಐ ಕಟ್ಟುತ್ತಾರಾ, ನಮ್ಮ ಕ್ಯಾಂಟೀನಿನಲ್ಲಿ ನಮ್ಮ ದರಕ್ಕೇ ನಿಮಗೂ ಊಟ ಸಿಗುತ್ತಾ, ಇಷ್ಟು ಕೇಳು. ಇದರಲ್ಲಿ ಮುಜುಗರ ಅವರಿಗಲ್ಲ, ಕಂಪನಿಗೆ.

ಇನ್ನೊಂದು ಕೆಲಸವನ್ನೂ ಹೇಳಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಮಕ್ಕಳ ಓದಿಗೆ ಸಹಾಯ, ಹೆರಿಗೆಗೆ ಸಹಾಯ, ಪಿಂಚಣಿ ಎಲ್ಲ ಅಲ್ಲಿಂದ. ಅರ್ಜಿ ಆನ್‌ಲೈನ್, ದಾಖಲೆ ಸ್ಕ್ಯಾನ್ ಮಾಡಿ ಹಾಕಬೇಕು. ಸೈಬರ್ ಸೆಂಟರಿನವರು ಇದಕ್ಕೆ ದುಡ್ಡು ಕೀಳುತ್ತಾರೆ. ದಿನಾ ಲ್ಯಾಪ್‌ಟಾಪ್ ಮುಂದೆ ಕೂರುವ ಇಪ್ಪತ್ತು ಜನ ಒಂದು ಶನಿವಾರ ಶೆಡ್ಡಿನಲ್ಲಿ ಕೂತರೆ ಎಷ್ಟು ಅರ್ಜಿ ತುಂಬಬಹುದು ಲೆಕ್ಕ ಹಾಕು. ರೇಷನ್ ಕಾರ್ಡಿಗೆ ಹೆಸರು ಸೇರಿಸೋದೂ ಅಷ್ಟೇ. ಒಂದು ಕಿಟ್ ಹತ್ತು ದಿನಕ್ಕೆ ಮುಗಿಯುತ್ತೆ.

ಮರುದಿನ ಅವನ ಆಫೀಸಿನಿಂದ ಮೇಲ್ ಹೋಗಲಿಲ್ಲ. ಭಾನುವಾರ ಅವನೂ ಟೀಮಿನ ಹುಡುಗಿಯೊಬ್ಬಳೂ ಕನಕಪುರ ರಸ್ತೆಯ ಹತ್ತಿರದ ಶೆಡ್ಡುಗಳಿಗೆ ಹೋಗಿ ಬಂದರು. ಅಲ್ಲಿದ್ದವರಲ್ಲಿ ಬಂಗಾಳದವರೇ ಹೆಚ್ಚು, ಕಸ ಆಯುವ ಕೆಲಸ. ರಾತ್ರಿ ವಾಟ್ಸಾಪಿನಲ್ಲಿ ಲಿಸ್ಟ್ ಬಂತು, ಈ ಸಲ ಅವನಿಂದ ನನಗೆ. ಕುಚ್ಚಲಕ್ಕಿ, ಮಸೂರ ಬೇಳೆ, ಸಾಸಿವೆ ಎಣ್ಣೆ, ಆಲೂಗಡ್ಡೆ, ಈರುಳ್ಳಿ, ಉಪ್ಪು, ಮಕ್ಕಳಿಗೆ ಮೊಟ್ಟೆ. ನಾನು ಆ ರಾತ್ರಿ ಲಿಸ್ಟ್ ಬರೆದು ಕಳಿಸಿದ್ದರೆ ಅದರಲ್ಲಿ ಜೋಳದ ಹಿಟ್ಟು ಮೊದಲಿಗೇ ಇರುತ್ತಿತ್ತು.

ಲಿಸ್ಟಿನ ಕೊನೆಯಲ್ಲಿ ಟಾರ್ಪಾಲು ಅಂತಲೂ ಇತ್ತು, ಹದಿನಾಲ್ಕು ಮನೆಗೆ. ಮಳೆಗೆ ಸೋರಿ ಇದ್ದ ಅಕ್ಕಿಯೂ ನೆನೆಯುತ್ತಂತೆ. ಇದು ಫುಡ್ ಡ್ರೈವ್, ಟಾರ್ಪಾಲು ಆಹಾರದ ಕೆಟಗರಿಗೆ ಬರಲ್ಲ ಅಂತ ಎಚ್‌ಆರ್‌ನವರು ಹೇಳಿದ್ದಾರೆ. ಅವನು ಮೂರನೇ ಮೇಲ್ ಬರೆದಿದ್ದಾನೆ, ಉತ್ತರ ಇನ್ನೂ ಬಂದಿಲ್ಲ.